ಚಪ್ಪಾಳೆಯ ಪಾಲು

ಹಿರಿಯರು ನಾಲ್ವರು ಒಂದೆಡೆ ಕಲೆತರೆ ಇಂದಿನ ಚಲನಚಿತ್ರಗಳ ಮಾತು ಬಾರದೆ ಇರುವುದಿಲ್ಲ. ‘ಕೆ.ಜಿ.ಎಫ್.’ ಚಿತ್ರದ ಎರಡು ಭಾಗಗಳು 2018ರಲ್ಲಿಯೂ 2022ರಲ್ಲಿಯೂ ತೆರೆಕಂಡು ದೇಶದ ಉದ್ದಗಲಕ್ಕೂ ಜಯಭೇರಿ ಬಾರಿಸಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಿರುಸು ಬಂದಿದೆ. ತೆರೆಯ ತುಂಬ ನೆತ್ತರು, ಕಿವಿಗಡಚಿಕ್ಕುವ ಗುಂಡಿನ ಸದ್ದು, ಕೊಲೆಗಾರನೇ ಕಥಾನಾಯಕ. ಇದನ್ನು ನೋಡಿ ಬೆಳೆಯುವ ಮಕ್ಕಳ ಗತಿಯೇನು ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಎಂಬತ್ತರ ದಶಕದ ಚಿತ್ರಗಳು ಹೀಗಿರಲಿಲ್ಲ, ಅವುಗಳಲ್ಲಿ ಕಥೆಯಿತ್ತು, ನೀತಿಯಿತ್ತು, ಸಮಾಜದ ಕಳಕಳಿಯಿತ್ತು.

ಈ ಮಾತಿನ ಮೊದಲ ಅರ್ಧ ಒಪ್ಪತಕ್ಕದ್ದು. ಎರಡನೆಯ ಅರ್ಧವನ್ನು ಪರೀಕ್ಷಿಸದೆ ಒಪ್ಪುವುದು, ಜಮಾ ಬದಿಯನ್ನಷ್ಟೇ ಓದಿ ಖರ್ಚಿನ ಬದಿಯನ್ನು ಕೈಯಿಂದ ಮುಚ್ಚಿಟ್ಟುಕೊಂಡಂತೆ. ಇಂದಿನ ತೆರೆಯ ಮೇಲೆ ಹರಿಯುತ್ತಿರುವ ನೆತ್ತರಿನ ಮೊದಲ ಕಂತು ಎಂಬತ್ತರ ದಶಕದಲ್ಲಿಯೇ ಸಂದಾಯವಾಗಿದೆ. ಅದು ಕೀಳು ಅಭಿರುಚಿಯ ಚಿತ್ರಗಳಲ್ಲಿ ಮಾತ್ರವಲ್ಲ, ವಿಮರ್ಶಕರು ಮೆಚ್ಚಿದ, ಪ್ರಶಸ್ತಿಗಳು ಅರಸಿಬಂದ, ಸಭ್ಯ ಗೃಹಸ್ಥರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ ಚಿತ್ರಗಳಲ್ಲಿಯೇ ಸಂದಾಯವಾಗಿದೆ. ಆ ಲೆಕ್ಕವನ್ನು ಬಿಚ್ಚದೆ ಮೊಮ್ಮಕ್ಕಳ ರುಚಿಯನ್ನು ಹಳಿಯುವ ಅಧಿಕಾರ ಅಂದಿನ ಪ್ರೇಕ್ಷಕರಿಗೆ ಇಲ್ಲ.

1981ರಲ್ಲಿ ಎಸ್. ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಅಂತ’ ತೆರೆಗೆ ಬಂದಿತು. ಎಚ್. ಕೆ. ಅನಂತರಾವ್ ಅವರು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿ ಅದರ ಮೂಲ. ಪ್ರಾಮಾಣಿಕ ಪೊಲೀಸ್ ಅಧಿಕಾರಿಯೊಬ್ಬ ತನ್ನನ್ನೇ ಹೋಲುವ ಪಾತಕಿಯ ವೇಷದಲ್ಲಿ ದುಷ್ಟಕೂಟವೊಂದನ್ನು ಹೊಗುತ್ತಾನೆ. ಸಿಕ್ಕಿಬಿದ್ದು ಚಿತ್ರಹಿಂಸೆಗೆ ಗುರಿಯಾಗುತ್ತಾನೆ. ಕೈಬೆರಳಿನ ಉಗುರುಗಳನ್ನು ಕೀಳುವ ಆ ದೃಶ್ಯವನ್ನು ಅಂದು ಕಂಡವರು ಇಂದಿಗೂ ಮರೆತಿಲ್ಲ. ಎರಡು ಪಾತ್ರಗಳಲ್ಲಿ ನಟಿಸಿದ ಅಂಬರೀಷ್ ಅವರ ಹೆಸರು ಮನೆಮನೆಯ ಮಾತಾಯಿತು. ಅದೇ ವರ್ಷ ಆ ಕಥೆ ‘ಮೇರಿ ಆವಾಜ್ ಸುನೋ’ ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು.

1983ರಲ್ಲಿ ಗೋವಿಂದ ನಿಹಲಾನಿಯವರ ‘ಅರ್ಧ್ ಸತ್ಯ’ ಬಂದಿತು. ಚಿತ್ರಕಥೆ ವಿಜಯ ತೆಂಡೂಲ್ಕರ್ ಅವರದು. ಸಬ್ ಇನ್‌ಸ್ಪೆಕ್ಟರ್ ಅನಂತ ವೇಲಣಕರನ ಪಾತ್ರಕ್ಕಾಗಿ ಓಂ ಪುರಿಯವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ದೊರೆಯಿತು. ಕಾನೂನು ಮುಟ್ಟಲಾರದ ರಾಮಾ ಶೆಟ್ಟಿ ಎಂಬ ಪುಂಡ ರಾಜಕಾರಣಿಯನ್ನು ವೇಲಣಕರ್ ಕೊನೆಯಲ್ಲಿ ತನ್ನ ಕೈಯಾರೆ ಕತ್ತು ಹಿಸುಕಿ ಕೊಲ್ಲುತ್ತಾನೆ. 1985ರಲ್ಲಿ ಟಿ. ಕೃಷ್ಣ ಅವರ ತೆಲುಗು ಚಿತ್ರ ‘ಪ್ರತಿಘಟನ’, 1987ರಲ್ಲಿ ಅದರದೇ ಹಿಂದಿ ರೂಪವಾಗಿ ಎನ್. ಚಂದ್ರಾ ಅವರ ‘ಪ್ರತಿಘಾತ್’ ಬಂದವು. ಸಾಕ್ಷಿ ಹೇಳಲು ಮುಂದಾದ ಕಾಲೇಜು ಅಧ್ಯಾಪಕಿಯನ್ನು ನಡುಬೀದಿಯಲ್ಲಿ ವಿವಸ್ತ್ರಗೊಳಿಸಿದ ದುಷ್ಟನನ್ನು, ಅವನಿಗೆ ಸನ್ಮಾನ ನಡೆಯುವ ವೇದಿಕೆಯಲ್ಲಿಯೇ ಆಕೆ ಕೊಡಲಿಯಿಂದ ಕೊಚ್ಚಿ ಕೊಲ್ಲುವುದು ಆ ಕಥೆಯ ಮುಕ್ತಾಯ. ಎರಡರಲ್ಲಿಯೂ ದುಷ್ಟನ ಪಾತ್ರ ವಹಿಸಿದವರು ಬೆಳಗಾವಿಯ ಚರಣ್‌ರಾಜ್. 1987ರಲ್ಲಿಯೇ ಮಣಿರತ್ನಂ ಅವರ ‘ನಾಯಕನ್’ ಬಂದಿತು. ಕಮಲಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. 2005ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಪ್ರಕಟಿಸಿದ ಸಾರ್ವಕಾಲಿಕ ನೂರು ಚಿತ್ರಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು.

ಇವು ನಾಲ್ಕು ಭಾಷೆಗಳ ಚಿತ್ರಗಳು. ಶೈಲಿಯಲ್ಲಿ, ಗಾಂಭೀರ್ಯದಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲ. ಆದರೂ ಇವು ಪ್ರೇಕ್ಷಕನ ಮನಸ್ಸನ್ನು ನಡೆಸಿಕೊಂಡು ಹೋಗುವ ದಾರಿ ಬಹುಮಟ್ಟಿಗೆ ಒಂದೇ. ಮೊದಲು ಅನ್ಯಾಯವನ್ನು ಸಹಿಸಲಾಗದಷ್ಟು ಹತ್ತಿರದಿಂದ ತೋರಿಸಲಾಗುತ್ತದೆ. ಬಳಿಕ ಪೊಲೀಸರು, ನ್ಯಾಯಾಲಯ, ಶಾಸನಸಭೆ, ನೆರೆಹೊರೆ ಒಂದೊಂದಾಗಿ ಕೈಕೊಡುತ್ತವೆ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಕೊಲೆಯ ಬಾಗಿಲೊಂದೇ ತೆರೆದಿರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಪ್ರೇಕ್ಷಕನು ತಾನೇ ಆ ಕೊಲೆಯನ್ನು ಬೇಡುತ್ತಿರುತ್ತಾನೆ. ಕೊಡಲಿ ಎದ್ದಾಗ ಚಿತ್ರಮಂದಿರದಲ್ಲಿ ಏಳುವ ಚಪ್ಪಾಳೆ, ಬೇಡಿದ್ದು ಕೈಸೇರಿದುದಕ್ಕೆ ಕೊಟ್ಟ ರಸೀತಿ.

ಈ ಚಪ್ಪಾಳೆಯನ್ನು ಹಗುರವಾಗಿ ಕಾಣಲಾಗದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು, ಅಂದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಪರಂಪರೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಾಗ, ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ‘ದುಃಶ್ರುತಿ’ಯನ್ನೂ, ಪರರ ವಧೆ ಬಂಧನಗಳನ್ನು ಮನಸ್ಸಿನಲ್ಲಿ ಹಾರೈಸುವ ‘ಅಪಧ್ಯಾನ’ವನ್ನೂ ಅದರೊಳಗೆ ಸೇರಿಸಿದ್ದಾರೆ. ಕೈಗೆ ನೆತ್ತರು ಅಂಟದಿದ್ದರೂ ಮನಸ್ಸಿಗೆ ಅಂಟುತ್ತದೆ ಎಂಬುದೇ ಅವರ ಎಚ್ಚರಿಕೆ. ಚಲನಚಿತ್ರವಿಲ್ಲದ ಕಾಲದಲ್ಲಿ ಹೇಳಿದ ಮಾತು ಚಿತ್ರಮಂದಿರದ ಕತ್ತಲೆಗೆ ಇಷ್ಟು ಸರಿಯಾಗಿ ಒಪ್ಪುವುದು ಗಮನಾರ್ಹ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ತಿಳಿದದ್ದೇ. ಲೋಕದಲ್ಲಿ ಹಿಂಸೆಯಿದೆ, ಚಿತ್ರ ಅದನ್ನು ತೋರಿಸುತ್ತದೆ, ಕನ್ನಡಿಯನ್ನು ಬೈದು ಫಲವೇನು ಎಂಬುದು ಆ ಆಕ್ಷೇಪ. ಇದಕ್ಕೆ ಉತ್ತರ ಅದೇ ದಶಕದ ಇನ್ನೊಂದು ಚಿತ್ರದಲ್ಲಿದೆ. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ 1982ರ ನವೆಂಬರ್ 30ರಂದು ದೆಹಲಿಯಲ್ಲಿ ಮೊದಲ ಪ್ರದರ್ಶನ ಕಂಡು, ಮರುವರ್ಷ ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಹಿಂಸೆ ಆ ಚಿತ್ರದಲ್ಲಿ ಕಡಿಮೆಯೇನೂ ಇಲ್ಲ. 1919ರ ಜಲಿಯನ್‌ವಾಲಾಬಾಗ್ ಇದೆ; ದೇಶವಿಭಜನೆಯ ಕೊಲೆಗಳಿವೆ; 1930ರ ಮೇ ತಿಂಗಳಿನ ಧಾರಾಸಣದ ಉಪ್ಪಿನ ಸತ್ಯಾಗ್ರಹವಿದೆ. ಸ್ವಯಂಸೇವಕರು ಸಾಲಾಗಿ ಮುಂದೆ ನಡೆಯುತ್ತಾರೆ, ಲಾಠಿ ತಲೆಯ ಮೇಲೆ ಬೀಳುತ್ತದೆ, ಹೆಂಗಸರು ಬಿದ್ದವರನ್ನು ಎತ್ತಿಕೊಂಡು ಹೋಗುತ್ತಾರೆ, ಮುಂದಿನ ಸಾಲು ನಡೆಯುತ್ತದೆ. ಒಬ್ಬನ ಕೈಯೂ ಮೇಲೇಳುವುದಿಲ್ಲ. ಆ ದೃಶ್ಯದಲ್ಲಿ ಚಪ್ಪಾಳೆ ತಟ್ಟಲು ಯಾವ ಪ್ರೇಕ್ಷಕನಿಗೂ ಮನಸ್ಸು ಬಾರದು. ಆದುದರಿಂದ ಹಿಂಸೆಯನ್ನು ತೋರಿಸಿದರೆ ಅದಕ್ಕೆ ಜಯಕಾರ ಬಂದೇ ಬರುತ್ತದೆಂಬುದು ಸುಳ್ಳು. ತೋರಿಸುವುದು ಬೇರೆ, ಉಣಬಡಿಸುವುದು ಬೇರೆ.

ಇದೇ ಚಿತ್ರದಲ್ಲಿ ಇನ್ನೂ ಮುಖ್ಯವಾದ ಪ್ರಸಂಗವೊಂದಿದೆ. 1947ರ ಸೆಪ್ಟೆಂಬರಿನಲ್ಲಿ ಕಲಕತ್ತೆಯ ಗಲಭೆ ನಿಲ್ಲಲೆಂದು ಗಾಂಧೀಜಿ ಉಪವಾಸ ಕುಳಿತಿದ್ದಾರೆ. ಕೆದರಿದ ಕೂದಲಿನ, ಉರಿಗಣ್ಣಿನ ಮನುಷ್ಯನೊಬ್ಬ ನುಗ್ಗಿಬಂದು ರೊಟ್ಟಿಯನ್ನು ಅವರತ್ತ ಎಸೆದು, ತಿನ್ನಬೇಕೆಂದು ಒತ್ತಾಯಿಸುತ್ತಾನೆ. ಅವನ ಎಳೆಯ ಮಗನನ್ನು ಮುಸಲ್ಮಾನರು ಕೊಂದಿದ್ದಾರೆ. ಅವನು ಮುಸಲ್ಮಾನರ ಮಗುವೊಂದನ್ನು ಕೊಂದಿದ್ದಾನೆ. ತನಗೆ ನರಕವೇ ಗತಿಯೆಂದು ಅವನಿಗೆ ಗೊತ್ತು. ಅವನಿಗೆ ಗಾಂಧೀಜಿ ಒಂದು ದಾರಿ ತೋರಿಸುತ್ತಾರೆ. ತಂದೆತಾಯಿಯನ್ನು ಕಳೆದುಕೊಂಡ ಮಗುವೊಂದನ್ನು ತಂದು ಸಾಕು; ಆ ಮಗು ಮುಸಲ್ಮಾನರದಾಗಿರಲಿ; ಅದನ್ನು ಮುಸಲ್ಮಾನನನ್ನಾಗಿಯೇ ಬೆಳೆಸು ಎಂಬುದು ಆ ಮಾತಿನ ಸಾರ. ಆ ಮನುಷ್ಯ ಅವರ ಕಾಲ ಬಳಿ ಕುಸಿಯುತ್ತಾನೆ.

ಆ ಪಾತ್ರವನ್ನು ವಹಿಸಿದವರು ಓಂ ಪುರಿ. ಮರುವರ್ಷವೇ ರಾಮಾ ಶೆಟ್ಟಿಯ ಕತ್ತು ಹಿಸುಕಿದ ವೇಲಣಕರನೂ ಅವರೇ. ಒಂದು ವರ್ಷದ ಅಂತರದಲ್ಲಿ, ಅದೇ ಮುಖ, ಅದೇ ಕಣ್ಣುಗಳ ಉರಿ, ಭಾರತದ ಪ್ರೇಕ್ಷಕನ ಮುಂದೆ ಎರಡು ಉತ್ತರಗಳನ್ನು ಇಟ್ಟವು. ಒಂದು ಉತ್ತರದಲ್ಲಿ ಕೊಂದ ಕೈ ಮಗುವನ್ನು ಎತ್ತಿಕೊಳ್ಳಬೇಕು. ಇನ್ನೊಂದರಲ್ಲಿ ಸೋತ ಕೈ ಕತ್ತನ್ನು ಹಿಡಿಯಬೇಕು. ಮೊದಲನೆಯದನ್ನು ಪ್ರೇಕ್ಷಕ ಶಾಲೆಯ ಪಾಠದಂತೆ ಗೌರವದಿಂದ ನೋಡಿದ. ಎರಡನೆಯದನ್ನು ತನ್ನದೆಂದು ಮನೆಗೆ ಕೊಂಡೊಯ್ದ. ಆ ದಶಕದ ಇಡೀ ಕಥೆ ಈ ಒಂದು ಆಯ್ಕೆಯಲ್ಲಿ ಅಡಗಿದೆ.

ಎರಡನೆಯ ಆಕ್ಷೇಪವನ್ನು ಶಾಸ್ತ್ರ ಬಲ್ಲವರು ಎತ್ತಬಹುದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಯಲ್ಲಿ ಗೃಹಸ್ಥನು ಪೂರ್ತಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಎದುರಾಗಿ ಬಂದ ಶತ್ರುವನ್ನು ತಡೆಯುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಕತ್ತಿ ಹಿಡಿದ ಚಾವುಂಡರಾಯನೇ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಲಿಲ್ಲವೇ ಎಂದು ಅವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದು. ಆದರೆ ಆ ವಿಭಾಗವನ್ನು ಸರಿಯಾಗಿ ಅನ್ವಯಿಸಿದರೆ ಉತ್ತರವೂ ಅಲ್ಲಿಯೇ ದೊರೆಯುತ್ತದೆ. ಬೀದಿಯಲ್ಲಿ ಮೈಮೇಲೆ ಕೈಹಾಕಿದವನನ್ನು ಆ ಕ್ಷಣದಲ್ಲಿ ಅಧ್ಯಾಪಕಿ ಹೊಡೆದಿದ್ದರೆ ಅದು ವಿರೋಧೀ. ದಿನ ಗೊತ್ತುಮಾಡಿಕೊಂಡು, ಕೊಡಲಿ ಸಿದ್ಧಪಡಿಸಿಕೊಂಡು, ಸನ್ಮಾನದ ಮಾತನಾಡಿ ಮುಗಿಸಿ ಕೊಚ್ಚುವುದು ಸಂಕಲ್ಪೀ. ಕಾವಲಿನ ಕತ್ತಿಯನ್ನೂ ಸೇಡಿನ ಕೊಡಲಿಯನ್ನೂ ಒಂದೇ ಎಂದು ನಂಬಿಸುವುದೇ ಇಂಥ ಕಥೆಗಳ ಜಾಣ್ಮೆ. ನೊಂದ ಹೆಣ್ಣಿನ ಸಿಟ್ಟನ್ನು ಅಲ್ಲಗಳೆಯುವ ಕಠಿಣ ಹೃದಯ ಯಾರಿಗೂ ಇರಬಾರದು. ಆ ಸಿಟ್ಟಿಗೆ ಕೊಡಲಿಯ ಹೊರತು ಬೇರೆ ಗೌರವವೇ ಇಲ್ಲವೆಂದು ಸಾರುವುದಕ್ಕೆ ಮಾತ್ರ ವಿರೋಧವಿದೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ನಿಹಲಾನಿಯಾಗಲಿ ಮಣಿರತ್ನಂ ಆಗಲಿ ಕೊಲೆಯನ್ನು ಕೊಂಡಾಡಿಲ್ಲ, ಅದರ ದುರಂತವನ್ನೇ ಹೇಳಿದ್ದಾರೆ ಎಂಬುದು ಆ ಆಕ್ಷೇಪ. ಇದು ನಿಜ, ಮತ್ತು ಇದನ್ನು ಮನಸಾರೆ ಒಪ್ಪಬೇಕು. ‘ಅರ್ಧ್ ಸತ್ಯ’ ಎಂಬ ಹೆಸರೇ ಕೊಲೆ ಪೂರ್ಣಸತ್ಯವಲ್ಲವೆಂದು ಸೂಚಿಸುತ್ತದೆ. ಕೊಂದ ಮೇಲೆ ವೇಲಣಕರ್ ವಿಜಯೋತ್ಸವ ಮಾಡುವುದಿಲ್ಲ. ಠಾಣೆಗೆ ಹೋಗಿ ಶರಣಾಗುತ್ತಾನೆ. ‘ನಾಯಕನ್’ ಚಿತ್ರದ ವೇಲು ನಾಯ್ಕರ್ ಹಿಂಸೆಗೆ ಹೆಂಡತಿಯನ್ನೂ ಮಗನನ್ನೂ ತೆರುತ್ತಾನೆ. ಮಗಳು ಅವನನ್ನು ಬಿಟ್ಟು ಹೋಗುತ್ತಾಳೆ. ತಾನು ಒಳ್ಳೆಯವನೋ ಕೆಟ್ಟವನೋ ಎಂದು ಮೊಮ್ಮಗ ಕೇಳಿದಾಗ ಅವನಲ್ಲಿ ಉತ್ತರವಿಲ್ಲ. ಕೊನೆಗೆ ಅವನು ಕೊಂದ ಪೊಲೀಸ್ ಅಧಿಕಾರಿಯ ಬುದ್ಧಿ ಬಲಿಯದ ಮಗನೇ, ಅವನೇ ಸಾಕಿದ ಹುಡುಗನೇ, ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ವೈರ ವೈರವನ್ನೇ ಹೆರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಉಪದೇಶಕನೂ ಹೇಳಲಾರ.

ಆದರೆ ಪ್ರೇಕ್ಷಕನು ಮನೆಗೆ ಕೊಂಡೊಯ್ದದ್ದು ಯಾವ ಭಾಗವನ್ನು? ವೇಲಣಕರನ ಶರಣಾಗತಿಯನ್ನಲ್ಲ, ಕತ್ತು ಹಿಸುಕಿದ ಕೈಯನ್ನು. ವೇಲು ನಾಯ್ಕರನ ಮೌನವನ್ನಲ್ಲ, ಅವನ ಬಿಳಿಯ ಉಡುಪನ್ನೂ ಗತ್ತನ್ನೂ. ದುರಂತವನ್ನು ಕಳೆದು ದರ್ಪವನ್ನು ಮಾತ್ರ ಉಳಿಸಿಕೊಂಡ ‘ಭೂಗತ ದೊರೆ’ಗಳ ಚಿತ್ರಗಳು ಭಾಷೆಭಾಷೆಯಲ್ಲಿ ಸಾಲುಗಟ್ಟಿದವು. ತಪ್ಪು ನಿರ್ದೇಶಕರದಕ್ಕಿಂತ ಹೆಚ್ಚಾಗಿ ಅವರನ್ನು ಅರ್ಧಕ್ಕೆ ಕೇಳಿಸಿಕೊಂಡವರದು. ವಿಮರ್ಶೆಯನ್ನು ಬರೆದವರೂ, ಮನೆಯಲ್ಲಿ ಮಕ್ಕಳಿಗೆ ಕಥೆ ಹೇಳಿದವರೂ ಆ ಉಳಿದ ಅರ್ಧವನ್ನು ಎತ್ತಿ ಹೇಳಬೇಕಾಗಿತ್ತು. ಬಹುಮಂದಿ ಹೇಳಲಿಲ್ಲ.

ಹೇಳದೆ ಬಿಟ್ಟುದರಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದಿದೆ. ‘ಅರ್ಧ್ ಸತ್ಯ’ದಲ್ಲಿ ವೇಲಣಕರನ ಕೈಯಿಂದ ಸಾಯುವವನು ರಾಮಾ ಶೆಟ್ಟಿಯೊಬ್ಬನೇ ಅಲ್ಲ. ಅದಕ್ಕೂ ಮೊದಲು ಲಾಕಪ್ಪಿನಲ್ಲಿದ್ದ ಚಿಲ್ಲರೆ ಕಳ್ಳನೊಬ್ಬನನ್ನು ಅವನು ಬಡಿದು ಕೊಂದಿರುತ್ತಾನೆ. ಬಲಾಢ್ಯನ ಮೇಲೆ ಎತ್ತಲಾಗದ ಕೈ ನಿರ್ಬಲನ ಮೇಲೆ ಬೀಳುತ್ತದೆ. ಆ ಸಾವಿಗಾಗಿಯೇ ಅವನ ನೌಕರಿಗೆ ಕುತ್ತು ಬರುತ್ತದೆ. ಅದರಿಂದ ಪಾರಾಗಲೆಂದೇ ಅವನು ರಾಮಾ ಶೆಟ್ಟಿಯ ಬಾಗಿಲಿಗೆ ಹೋಗುತ್ತಾನೆ. ಕಥೆಯ ಕೀಲಿಯೇ ಅದು. ಆದರೂ ಆ ಚಿತ್ರವನ್ನು ನೆನೆಯುವವರಲ್ಲಿ ಎಷ್ಟು ಜನರಿಗೆ ಆ ಕಳ್ಳನ ಮುಖ ನೆನಪಿದೆ? ಕಾನೂನನ್ನು ಬದಿಗಿಟ್ಟು ಕೊಲ್ಲುವ ಪರವಾನಗಿಯನ್ನು ಸಮಾಜ ದೊಡ್ಡ ದುಷ್ಟನ ಹೆಸರಿನಲ್ಲಿ ಬರೆದುಕೊಡುತ್ತದೆ. ಅದು ಮೊದಲು ಚಲಾವಣೆಯಾಗುವುದು ಕೇಳುವವರಿಲ್ಲದ ಸಣ್ಣವನ ಮೇಲೆ.

ಇದು ತೆರೆಯ ಮೇಲಿನ ಮಾತಷ್ಟೇ ಆಗಿದ್ದರೆ ಇಷ್ಟು ಚರ್ಚಿಸುವ ಅಗತ್ಯವಿರುತ್ತಿರಲಿಲ್ಲ. 2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಯುವ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೂ ಕೊಲೆಯೂ ನಡೆದು ದೇಶವೇ ತತ್ತರಿಸಿತು. ಡಿಸೆಂಬರ್ 6ರ ಬೆಳಗಿನ ಜಾವ, ಸ್ಥಳಮಹಜರಿಗೆಂದು ಕರೆದೊಯ್ದ ನಾಲ್ವರು ಆರೋಪಿಗಳನ್ನೂ ಪೊಲೀಸರು ಗುಂಡಿಟ್ಟು ಕೊಂದರು. ವಿಚಾರಣೆ ಆರಂಭವೇ ಆಗಿರಲಿಲ್ಲ. ಜನ ಸಂಭ್ರಮಿಸಿ ಪೊಲೀಸರ ಮೇಲೆ ಹೂವಿನ ಎಸಳುಗಳನ್ನು ಚೆಲ್ಲಿದರು. ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ವಿ. ಎಸ್. ಸಿರ್ಪುರ್ಕರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರು ಎಂಬುದು ಆಯೋಗದ ನಿರ್ಣಯ.

ಹೂವು ಚೆಲ್ಲಿದವರನ್ನು ಚಲನಚಿತ್ರಗಳೇ ಹಾಗೆ ಮಾಡಿಸಿದವೆಂದು ಹೇಳುವುದು ಅತಿಯಾದೀತು. ನ್ಯಾಯಾಲಯಗಳ ವಿಳಂಬ, ಆಡಳಿತದ ಉದಾಸೀನ, ಹೆಣ್ಣುಮಕ್ಕಳ ತಂದೆತಾಯಿಗಳ ಭಯ, ಇವೆಲ್ಲ ಅಲ್ಲಿ ಸೇರಿವೆ. ಆದರೆ ಯಾವ ಕ್ಷಣದಲ್ಲಿ ಹರ್ಷಿಸಬೇಕು ಎಂಬ ಅಭ್ಯಾಸ ಮನಸ್ಸಿಗೆ ಒಂದೇ ದಿನದಲ್ಲಿ ಬರುವುದಿಲ್ಲ. ಕತ್ತಲೆಯಲ್ಲಿ ನಾಲ್ಕು ದಶಕ ಕೈತಟ್ಟಿ ಕಲಿತ ಪಾಠವನ್ನು ಅಂದು ಹಗಲಿನಲ್ಲಿ ಒಪ್ಪಿಸಿದಂತಾಯಿತು.

ಹಿಂಸೆಯಿಲ್ಲದೆ ಚಿತ್ರ ಓಡದು, ಜನಕ್ಕೆ ಬೇಕಾದುದನ್ನು ಕೊಡುವುದು ವ್ಯಾಪಾರಧರ್ಮ ಎಂಬ ಸಮರ್ಥನೆ ಇನ್ನು ಉಳಿದಿದೆ. ಗಿರಾಕಿ ಬೇಡಿದನೆಂದು ಕಲಬೆರಕೆ ಮಾಲನ್ನು ಕೊಡುವುದು ಯಾವ ಕಾಲದಲ್ಲಿಯೂ ವ್ಯಾಪಾರಧರ್ಮವಾಗಿಲ್ಲ. ಅದೂ ಅಲ್ಲದೆ, ಎಂಬತ್ತರ ದಶಕವೇ ಈ ಸಮರ್ಥನೆಯನ್ನು ಸುಳ್ಳು ಮಾಡಿದೆ. ಶಂಕರನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ ಕಥೆಯೂ ಅದೇ ಅನ್ಯಾಯದಿಂದ ಹೊರಡುತ್ತದೆ. ರಾಜಕಾರಣಿಯ ಮಗ ಮತ್ತಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರನ್ನು ಕೊಲ್ಲುತ್ತಾನೆ. ತಂದೆ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಅಲ್ಲಿ ಪತ್ರಕರ್ತ ಕೊಡಲಿ ಹಿಡಿಯುವುದಿಲ್ಲ, ಸಾಕ್ಷ್ಯವನ್ನು ಹುಡುಕುತ್ತಾನೆ. ಆ ಚಿತ್ರ ರೋಮಾಂಚನದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಸಾಮಾಜಿಕ ಸಮಸ್ಯೆಯ ಶ್ರೇಷ್ಠ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. 1984ರಲ್ಲಿ ಬಂದ ಮಹೇಶ್ ಭಟ್ ಅವರ ‘ಸಾರಾಂಶ್’ ಚಿತ್ರದಲ್ಲಿ ನ್ಯೂಯಾರ್ಕಿನಲ್ಲಿ ಮಗನನ್ನು ಕಳೆದುಕೊಂಡ ವೃದ್ಧ ಅಧ್ಯಾಪಕ, ಮಗನ ಚಿತಾಭಸ್ಮವನ್ನು ಪಡೆಯಲು ಕಚೇರಿಯ ಮುಂದೆ ಅಂಗಲಾಚಬೇಕಾಗುತ್ತದೆ. ಅವನೂ ಯಾರನ್ನೂ ಕೊಲ್ಲುವುದಿಲ್ಲ. ತನ್ನ ಮನೆಯಲ್ಲಿ ಬಾಡಿಗೆಗಿದ್ದ ಬಸುರಿ ಹೆಣ್ಣುಮಗಳ ಬೆನ್ನಿಗೆ ನಿಲ್ಲುತ್ತಾನೆ.

ಇನ್ನು 1985ರ ‘ಬೆಟ್ಟದ ಹೂವು’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಚಿತ್ರಕ್ಕಾಗಿ ಬಾಲಕ ಪುನೀತ್‌ಗೆ ಶ್ರೇಷ್ಠ ಬಾಲನಟನ ರಾಷ್ಟ್ರಪ್ರಶಸ್ತಿ ದೊರೆಯಿತು. ಕಾಡಿನ ಹೂಗಳನ್ನು ಹುಡುಕಿ ತಂದು ಮಾರಿ, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಡುವ ಬಡಹುಡುಗ, ಕೊನೆಗೆ ಆ ಹಣದಲ್ಲಿ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಅಲ್ಲಿ ಯಾರೂ ಯಾರನ್ನೂ ಗೆಲ್ಲುವುದಿಲ್ಲ. ಒಬ್ಬ ಹುಡುಗ ತನ್ನ ಆಸೆಯನ್ನು ಗೆಲ್ಲುತ್ತಾನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಕಾಲಮರಣಕ್ಕೆ ತುತ್ತಾದಾಗ ಕನ್ನಡ ನಾಡು ಅತ್ತಿತು. ಹಲವರ ಕಣ್ಣ ಮುಂದೆ ಬಂದುದು ಆ ಬೆಟ್ಟದ ಹುಡುಗನ ಮುಖ. ಒಳಿತು ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎನ್ನುವವರು ಇದನ್ನು ನೆನೆಯಬೇಕು.

ಹಾಗಾದರೆ ಕರ್ತವ್ಯವೇನು? ನಿಷೇಧದಿಂದ ಯಾವುದೂ ಸಾಧ್ಯವಾಗದು. ಹಿಂದೆ ಚಿತ್ರಮಂದಿರದ ಬಾಗಿಲನ್ನಾದರೂ ಕಾಯಬಹುದಾಗಿತ್ತು. ಈಗ ತೆರೆಯೇ ಮಗುವಿನ ಅಂಗೈಯಲ್ಲಿದೆ. ಮಕ್ಕಳನ್ನು ಗದರಿಸುವುದರಿಂದಲೂ ಫಲವಿಲ್ಲ. ‘ಅಂತ’ಕ್ಕೆ ಚಪ್ಪಾಳೆ ತಟ್ಟಿದ ಕೈ ‘ಕೆ.ಜಿ.ಎಫ್.’ ನೋಡುವ ಮೊಮ್ಮಗನತ್ತ ಬೆರಳು ತೋರಿಸಿದರೆ ಆ ಮಗು ನಕ್ಕೀತು. ಮನೆಯ ಹಿರಿಯರು ಮೊದಲು ತಮ್ಮ ಕಾಲದ ಲೆಕ್ಕವನ್ನು ಒಪ್ಪಿಕೊಳ್ಳಬೇಕು. ಬಳಿಕ ಆ ಹಳೆಯ ಚಿತ್ರಗಳನ್ನೇ ಮಕ್ಕಳೊಡನೆ ಕುಳಿತು ನೋಡಬೇಕು. ಕೊಲೆಯಾದಾಗ ಚಿತ್ರವನ್ನು ಒಂದು ಗಳಿಗೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಬೇಕು. ಸತ್ತವನ ಮನೆಯಲ್ಲಿ ಯಾರಿದ್ದಾರೆ? ಕೊಂದವನು ನಾಳೆ ಯಾರನ್ನು ಹೊಡೆಯುತ್ತಾನೆ? ಈ ಕೊಲೆಯನ್ನು ನೋಡಿ ಹರ್ಷವಾಯಿತೇ, ಆಗಿದ್ದರೆ ಏಕೆ? ‘ನಾಯಕನ್’ ಚಿತ್ರವನ್ನು ಈ ರೀತಿ ನೋಡಿದ ಹುಡುಗ ವೇಲು ನಾಯ್ಕರನ ಗತ್ತನ್ನು ಅನುಕರಿಸಲಾರ. ಅವನ ಮೊಮ್ಮಗ ಕೇಳಿದ ಪ್ರಶ್ನೆಯನ್ನು ತನ್ನದಾಗಿ ಮಾಡಿಕೊಂಡಾನು.

ಟಿಕೆಟ್ಟಿನ ಹಣದಲ್ಲಿ ನಿರ್ಮಾಪಕನಿಗೆ ಪಾಲಿದೆ, ಹಂಚಿಕೆದಾರನಿಗೆ ಪಾಲಿದೆ, ಚಿತ್ರಮಂದಿರದ ಮಾಲೀಕನಿಗೆ ಪಾಲಿದೆ, ತೆರಿಗೆಯ ರೂಪದಲ್ಲಿ ಸರ್ಕಾರಕ್ಕೂ ಪಾಲಿದೆ. ಚಪ್ಪಾಳೆಯ ಪಾಲುದಾರ ಮಾತ್ರ ಅದನ್ನು ತಟ್ಟಿದವನೊಬ್ಬನೇ. ಅದು ಅವನ ಖಾತೆಗೇ ಬೀಳುತ್ತದೆ. ಕಲಕತ್ತೆಯ ಆ ಮನುಷ್ಯ ಕೈಯಲ್ಲಿ ರೊಟ್ಟಿ ಹಿಡಿದು ಬಂದಾಗ ಅವನ ಖಾತೆಯಲ್ಲಿ ಒಂದು ಮಗುವಿನ ಪ್ರಾಣವೇ ಇತ್ತು. ಅವನಿಗೂ ತೀರಿಸುವ ದಾರಿಯೊಂದು ತೆರೆದಿತ್ತು. ಬರಿಯ ಚಪ್ಪಾಳೆಯ ಸಾಲ ಹೊತ್ತವರಿಗೆ ಆ ದಾರಿ ಇನ್ನೂ ಸುಲಭ. ಮುಂದಿನ ಸಲ ಕೊಡಲಿ ಎದ್ದಾಗ ಕೈಗಳು ಮಡಿಲಲ್ಲಿಯೇ ಇರಲಿ. ಪಕ್ಕದಲ್ಲಿ ಕುಳಿತ ಮಗು ಅದನ್ನು ನೋಡಿಯಾದರೂ ಕಲಿತೀತು.